ಜಾನ್ ಫ್ಲಿನ್ ಬೋಧಕರ ಚರಿತ್ರೆಯೂ ಅವರ ಸಮಾಧಿಯ ಕಲ್ಲೂ

ನಮ್ಮ ದೇಶದ ಆಗ್ನೇಯ ದಿಕ್ಕಿನಲ್ಲಿ ಮಹಾಸಾಗರದ ಆಚೆ ಆಸ್ಟ್ರೇಲಿಯ ಎಂಬ ದೊಡ್ಡ ಭೂಖಂಡವಿದೆ. ಅದರ ಪಟ್ಟಣಗಳಲ್ಲಿ ಹೆಚ್ಚಿನವು ಸಮುದ್ರ ತೀರದಲ್ಲಿಯೇ ಇವೆ. ಒಳನಾಡಾದರೋ ಕೆಂಪು ಮಣ್ಣಿನ, ಅಲ್ಪ ಮಳೆಯ, ಮುಳ್ಳು ಹುಲ್ಲಿನ ಬಯಲು. ಅಲ್ಲಿ ಒಂದು ಮನೆಯಿಂದ ನೆರೆಮನೆಗೆ ಹೋಗಬೇಕಾದರೆ ಐವತ್ತು ಮೈಲಿ, ನೂರು ಮೈಲಿ ಪ್ರಯಾಣ ಮಾಡಬೇಕಾಗುವದುಂಟು. ಇಂಥ ನಾಡಿನಲ್ಲಿ ದೇವರ ಸೇವಕರೊಬ್ಬರು ಮಾಡಿದ ಕೆಲಸವನ್ನೂ, ಅವರು ತೀರಿಹೋದ ಮೇಲೆ ಅವರನ್ನು ಗೌರವಿಸಬೇಕೆಂದು ಇತರರು ಮಾಡಿದ ಒಂದು ತಪ್ಪನ್ನೂ, ಆ ತಪ್ಪು ಸರಿಪಡಿಸಲ್ಪಟ್ಟ ರೀತಿಯನ್ನೂ ಈ ತಿಂಗಳು ನಿಮಗೆ ತಿಳಿಸುತ್ತೇವೆ.

ಜಾನ್ ಫ್ಲಿನ್‌ರವರು 1880ನೇ ಇಸವಿ ನವೆಂಬರ್ 25ನೇ ತಾರೀಖಿನಲ್ಲಿ ವಿಕ್ಟೋರಿಯ ಪ್ರಾಂತ್ಯದ ಮೊಲಿಯಾಗುಲ್ ಎಂಬ ಊರಿನಲ್ಲಿ ಹುಟ್ಟಿದರು. ಅದು ಚಿನ್ನ ದೊರೆಯುವ ಸೀಮೆ. ಆದರೆ ಅವರ ಮನೆಯಲ್ಲಿ ಚಿನ್ನವಿರಲಿಲ್ಲ. ತಂದೆ ಶಾಲಾ ಉಪಾಧ್ಯಾಯರು. ಮಗುವು ಇನ್ನೂ ಎಳೆಯದಾಗಿರುವಾಗಲೇ ತಾಯಿ ತೀರಿಹೋದಳು. ಫ್ಲಿನ್‌ರವರು ಬೆಳೆದು ತಾವೂ ಕೆಲವು ಕಾಲ ಶಾಲೆಯಲ್ಲಿ ಪಾಠ ಹೇಳಿದರು. ಬೋಧಕರಾಗಬೇಕೆಂಬ ಆಶೆ ಅವರಲ್ಲಿ ಬಲವಾಗಿದ್ದರೂ ಕಾಲೇಜಿನ ವೆಚ್ಚಕ್ಕೆ ಹಣವಿಲ್ಲದ್ದರಿಂದ, 1903ರಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಸ್ವದೇಶ ಮಿಶನ್ ಕೆಲಸಕ್ಕೆ ಸೇರಿ, ಹಳ್ಳಿಗಳಲ್ಲಿ ಉಪದೇಶ ಮಾಡುತ್ತಾ ಓದನ್ನು ಮುಂದುವರಿಸಿದರು. ರಜೆಯ ದಿವಸಗಳಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಕೂಲಿಯವರ ಬಿಡಾರಗಳಿಗೆ ಹೋಗಿ ಅವರ ಸಂಗಡ ವಾಸಮಾಡಿ ಸುವಾರ್ತೆ ಸಾರಿದರು. ಆಗ ಅವರಿಗೆ ಒಂದು ಸಂಗತಿ ತಿಳಿಯಿತು. ಊರಿಂದ ದೂರವಿರುವವನಿಗೆ ಪ್ರಸಂಗ ಮಾತ್ರ ಸಾಲದು. ಗಾಯವಾದರೆ ಏನು ಮಾಡಬೇಕು, ಸತ್ತವನನ್ನು ಹೇಗೆ ಹೂಣಿಡಬೇಕು ಎಂಬದೂ ಅವನಿಗೆ ಗೊತ್ತಾಗಬೇಕು. ಇದಕ್ಕೋಸ್ಕರ ಅವರು 1910ರಲ್ಲಿ ಒಂದು ಚಿಕ್ಕ ಪುಸ್ತಕವನ್ನು ಬರೆದು ಹಂಚಿದರು.

1911ರಲ್ಲಿ ದೀಕ್ಷೆ ಹೊಂದಿ, ದಕ್ಷಿಣ ಆಸ್ಟ್ರೇಲಿಯದ ಬೆಲ್ಟಾನ ಎಂಬ ಸ್ಥಳಕ್ಕೆ ಹೋದರು. ಆ ಕಾಲದಲ್ಲಿ ರೈಲು ದಾರಿ ಊಡ್ನಡಾಟ ಎಂಬಲ್ಲಿ ಮುಗಿದುಹೋಗುತ್ತಿತ್ತು. ಅದರಿಂದಾಚೆಗೆ ಒಂಟೆಗಳೇ ಗತಿ. ಆ ಒಂಟೆಗಳನ್ನು ನಡಿಸುವವರಲ್ಲಿ ಅನೇಕರು ಆಗಿನ ಹಿಂದೂಸ್ಥಾನದ ವಾಯವ್ಯ ಸೀಮೆಗಳಿಂದ ಹೋದವರೇ. 1912ರಲ್ಲಿ ಫ್ಲಿನ್‌ರವರು ಒಳನಾಡಿನ ಸ್ಥಿತಿಯನ್ನು ವಿಚಾರಿಸಿ ಸಭೆಯ ಮಹಾಸಂಘಕ್ಕೆ ವರದಿ ಒಪ್ಪಿಸಿದರು. ಅದನ್ನು ಕೇಳಿ ಸಭೆಯವರು ಅದೇ ವರುಷ ಸೆಪ್ಟೆಂಬರ್ 26ರಲ್ಲಿ ಆಸ್ಟ್ರೇಲಿಯನ್ ಇನ್‌ಲ್ಯಾಂಡ್ ಮಿಶನನ್ನು ಸ್ಥಾಪಿಸಿ, ಅವರನ್ನೇ ಮೇಲ್ವಿಚಾರಕರನ್ನಾಗಿ ನೇಮಿಸಿದರು. ಅಂದಿನಿಂದ ಮರಣದ ವರೆಗೂ ಅವರು ಆ ನೊಗವನ್ನು ಹೊತ್ತರು. ಬ್ರೂಸ್ ಪ್ಲೌಮನ್ ಎಂಬವರು ಮೊದಲಾದ ಸಂಚಾರ ಸೇವಕರು ಒಂಟೆಗಳ ಮೇಲೆ ಮನೆಯಿಂದ ಮನೆಗೆ ಹೋದರು. ದೂರದ ಊರುಗಳಲ್ಲಿ ದಾದಿಯರಿರುವ ಚಿಕ್ಕ ಆಸ್ಪತ್ರೆಗಳು ಎದ್ದವು. ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ 1926ರಲ್ಲಿ ತೆರೆದ ಆಸ್ಪತ್ರೆಗೆ ಫ್ಲಿನ್‌ರವರೇ ನಕ್ಷೆ ಬರೆದರು. ನೆಲದೊಳಗಣ ಸುರಂಗದಲ್ಲಿ ಒದ್ದೆ ಗೋಣಿಗಳನ್ನು ತೂಗಹಾಕಿ, ಅವುಗಳ ಮೂಲಕ ಹಾದುಬರುವ ಗಾಳಿಯು ರೋಗಿಗಳ ಕೋಣೆಗಳನ್ನು ತಂಪುಮಾಡುವಂತೆ ಅವರು ಏರ್ಪಡಿಸಿದರು.

ಆದರೂ ವೈದ್ಯರು ಬಹು ದೂರ. 1917ರಲ್ಲಿ ಜಿಮ್ಮಿ ಡಾರ್ಸಿ ಎಂಬ ದನಕಾಯುವ ಯೌವನಸ್ಥನು ಕುದುರೆಯಿಂದ ಬಿದ್ದು ಹೊಟ್ಟೆಯೊಳಗೆ ಗಾಯಪಟ್ಟನು. ಅವನನ್ನು ಹಾಲ್ಸ್ ಕ್ರೀಕ್ ಎಂಬ ಊರಿಗೆ ಹೊತ್ತುತಂದರು. ಅಲ್ಲಿ ವೈದ್ಯರಿಲ್ಲ, ಅಂಚೆ ಮನೆಯ ಅಧಿಕಾರಿಯಾದ ಟಕೆಟ್ ಎಂಬವರು ಮಾತ್ರ ಇದ್ದರು. ಅವರು ಬಹು ದೂರದ ಪರ್ತ್ ಪಟ್ಟಣದಲ್ಲಿದ್ದ ವೈದ್ಯರನ್ನು ತಂತಿಯ ಮೂಲಕ ಕೇಳಿ ಕೇಳಿ, ಚಿಕ್ಕ ಚಾಕುವಿನಿಂದ ಆ ರೋಗಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅನಂತರ ಆ ವೈದ್ಯರೇ ಹಡಗನ್ನೂ ಮೋಟಾರನ್ನೂ ಹತ್ತಿ ಅನೇಕ ದಿವಸ ಪ್ರಯಾಣ ಮಾಡಿ ಬಂದರು. ಬಂದು ನೋಡಿದರೆ ಡಾರ್ಸಿ ಹಿಂದಿನ ದಿವಸವೇ ಪ್ರಾಣಬಿಟ್ಟಿದ್ದನು. ಈ ಸುದ್ದಿ ದೇಶವನ್ನೆಲ್ಲಾ ಕಲಕಿತು. ಅದೇ ವರುಷ ಕ್ಲಿಫರ್ಡ್ ಪೀಲ್ ಎಂಬ ವೈದ್ಯ ವಿದ್ಯಾರ್ಥಿಯು, ವಿಮಾನದ ಮೂಲಕ ವೈದ್ಯರನ್ನು ಒಳನಾಡಿಗೆ ಕಳುಹಿಸಬಹುದೆಂದು ಲೆಕ್ಕ ಹಾಕಿ ಫ್ಲಿನ್‌ರವರಿಗೆ ಕಾಗದ ಬರೆದನು. ಅವನು 1918ರಲ್ಲಿ ಯುದ್ಧದಲ್ಲಿ ಮಡಿದನು. ಬಿತ್ತಿದ ಬೀಜವೋ ಉಳಿಯಿತು.

ಫ್ಲಿನ್‌ರವರು ಹತ್ತು ವರುಷ ಕಾದರು, ಬೇಡಿದರು, ಬರೆದರು. ಕಡೆಗೆ 1928ನೇ ಮೇ 17ರಲ್ಲಿ ಕ್ಲನ್‌ಕರಿ ಎಂಬ ಊರಿನಿಂದ ವೆಲ್ಚ್ ವೈದ್ಯರನ್ನು ಕೂರಿಸಿಕೊಂಡು ಮೊದಲನೆಯ ವೈದ್ಯ ವಿಮಾನವು ಹಾರಿತು. ಮೊದಲನೆಯ ವರುಷದಲ್ಲಿ 50 ಸಾರಿ ಹಾರಿ 225 ರೋಗಿಗಳಿಗೆ ಚಿಕಿತ್ಸೆ ಮಾಡಿದರು. ಆದರೆ ರೋಗಿಯ ಕೂಗು ವೈದ್ಯರಿಗೆ ಕೇಳಬೇಕಲ್ಲವೇ? ಅದಕ್ಕೆ ಆಲ್ಫ್ರೆಡ್ ಟ್ರೇಗರ್ ಎಂಬ ಯಂತ್ರಜ್ಞರು 1929ರ ವೇಳೆಗೆ, ಸೈಕಲಿನಂತೆ ಕಾಲಿನಿಂದ ತುಳಿದು ವಿದ್ಯುಚ್ಛಕ್ತಿಯನ್ನು ಹುಟ್ಟಿಸುವ ರೇಡಿಯೋ ಯಂತ್ರವನ್ನು ಮಾಡಿಕೊಟ್ಟರು. ಏಕಾಂತದಲ್ಲಿದ್ದ ಹೆಂಗಸರು ಅದನ್ನು ತುಳಿದು ತಮ್ಮ ಮಕ್ಕಳ ಜ್ವರವನ್ನು ವೈದ್ಯರಿಗೆ ತಿಳಿಸುವಂತಾಯಿತು.

ಇಷ್ಟು ಹೇಳಿದ ಮೇಲೆ, ಸತ್ಯವೇದವು ದಾವೀದನ ತಪ್ಪನ್ನೂ ಪೇತ್ರನ ತಪ್ಪನ್ನೂ ಮುಚ್ಚದೆ ತಿಳಿಸಿರುವ ಪ್ರಕಾರ, ನಾವೂ ಒಂದು ಕೊರತೆಯನ್ನು ಹೇಳಲೇಬೇಕು. ಆ ಬಯಲು ನಿರ್ಜನವಾಗಿರಲಿಲ್ಲ. ಬಿಳಿಯರು ಬರುವದಕ್ಕೆ ಸಾವಿರಾರು ವರುಷಗಳ ಮುಂಚೆಯೇ ಅಲ್ಲಿಯ ಮೂಲನಿವಾಸಿಗಳು ಪ್ರತಿ ನೀರಿನ ಗುಂಡಿಯನ್ನೂ ಪ್ರತಿ ಬಂಡೆಯನ್ನೂ ಹೆಸರಿಟ್ಟು ಕರೆದು ವಾಸಮಾಡುತ್ತಿದ್ದರು. ಫ್ಲಿನ್‌ರವರ ಮಿಶನ್ ಮುಖ್ಯವಾಗಿ ಬಿಳೀ ಕುಟುಂಬಗಳ ಸೇವೆಗಾಗಿಯೇ ಏರ್ಪಟ್ಟಿತ್ತು. ಮೂಲನಿವಾಸಿಗಳ ಕೆಲಸವು ಸಭೆಯ ಬೇರೊಂದು ಮಂಡಲಿಯದೆಂದು ಎಣಿಸಲ್ಪಟ್ಟಿತು. ಮೊದಲನೆಯ ವೈದ್ಯ ವಿಮಾನ ಹಾರಿದ 1928ರಲ್ಲಿಯೇ ಆಲಿಸ್ ಸ್ಪ್ರಿಂಗ್ಸ್ ಊರನ್ನು ಮೂಲನಿವಾಸಿಗಳಿಗೆ ನಿಷೇಧಿಸಿದ ಪ್ರದೇಶವೆಂದು ಸರಕಾರ ಗೊತ್ತುಮಾಡಿತು. ತಮ್ಮ ಪಿತೃಗಳ ನೆಲದಲ್ಲಿಯೇ ಕಾಲಿಡುವದಕ್ಕೆ ಅವರು ಪರರ ಅಪ್ಪಣೆಯನ್ನು ಬೇಡಬೇಕಾಯಿತು. ಅದೇ ಸಭೆಯ ವೈದ್ಯರಾದ ಚಾರ್ಲ್ಸ್ ಡುಗಿಡ್‌ರವರು ಇದನ್ನು ಕಂಡು ನೊಂದು, ಫ್ಲಿನ್‌ರವರ ಮಿಶನ್ ಮೂಲನಿವಾಸಿಗಳನ್ನು ಅಲಕ್ಷ್ಯ ಮಾಡುತ್ತದೆಂದು ಬಹಿರಂಗವಾಗಿ ಆಕ್ಷೇಪಿಸಿದರು. ಅವರ ಪ್ರಯತ್ನದಿಂದ 1937ರಲ್ಲಿ ಎರ್ನಬೆಲ್ಲ ಎಂಬಲ್ಲಿ ಆ ಜನರಿಗಾಗಿಯೇ ಒಂದು ಮಿಶನ್ ಸ್ಥಾಪನೆಯಾಯಿತು. ಅಲ್ಲಿಯ ಸೇವಕರು ಆ ಜನರ ಭಾಷೆಯನ್ನು ಕಲಿತರು. ಆ ಊರಿನವರು ಸ್ವಂತ ಭಾಷೆಯಲ್ಲಿಯೇ ಕೀರ್ತನೆ ಹಾಡುವದರಲ್ಲಿ ಪ್ರಸಿದ್ಧರಾದರು.

ಫ್ಲಿನ್‌ರವರು 1939ರಿಂದ 1942ರ ವರೆಗೆ ತಮ್ಮ ಸಭೆಯ ಅಧ್ಯಕ್ಷರಾಗಿದ್ದು, 1951ನೇ ಮೇ 5ರಲ್ಲಿ ಸಿಡ್ನಿ ಪಟ್ಟಣದಲ್ಲಿ ಕರ್ತನಲ್ಲಿ ನಿದ್ರೆಹೋದರು. ಅವರ ದೇಹದ ಭಸ್ಮವನ್ನು ಆಲಿಸ್ ಸ್ಪ್ರಿಂಗ್ಸ್ ಬಳಿ ಗಿಲ್ಲೆನ್ ಬೆಟ್ಟದ ಬುಡದಲ್ಲಿ ಇಟ್ಟರು. ಸಮಾಧಿಗೆ ತಕ್ಕ ಗುರುತು ಬೇಕೆಂದು 1952ರಲ್ಲಿ, ಉತ್ತರಕ್ಕೆ ಸುಮಾರು 400 ಕಿಲೋಮೀಟರು ದೂರವಿರುವ ಕಾರ್ಲು ಕಾರ್ಲು ಎಂಬ ಸ್ಥಳದಿಂದ ಬಹು ದೊಡ್ಡ ಗುಂಡುಕಲ್ಲನ್ನು ಸಾಗಿಸಿ ತಂದು ಅದರ ಮೇಲೆ ನಿಲ್ಲಿಸಿದರು. ತಂದವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೆ ಆ ಕಲ್ಲುಗಳು ಅಲ್ಲಿಯ ಮೂಲನಿವಾಸಿಗಳಿಗೆ ಪವಿತ್ರವಾದವು; ಅವರನ್ನು ಯಾರೂ ಕೇಳಲಿಲ್ಲ. ಅವರು ವರುಷಗಟ್ಟಲೆ ದುಃಖಪಟ್ಟು, ಕಲ್ಲನ್ನು ಹಿಂದಕ್ಕೆ ಕೊಡಬೇಕೆಂದು ಕೇಳುತ್ತಾ ಬಂದರು. ಸತ್ತ ಬೋಧಕರ ಗೌರವಕ್ಕೆ ಭಂಗವೆಂದು ಕೆಲವರಿಗೆ ತೋರಿದರೂ, ಮಾತುಕತೆಗಳು ನಡೆದು ಸಭೆಯವರು ಒಪ್ಪಿಕೊಂಡರು. 1999ರಲ್ಲಿ ಆ ಕಲ್ಲು ತನ್ನ ಸ್ಥಳಕ್ಕೆ ತಿರಿಗಿ ಹೋಯಿತು. ಅದಕ್ಕಿಂತ ಹೆಚ್ಚಿನ ಸಂಗತಿಯೇನಂದರೆ, ಆಲಿಸ್ ಸ್ಪ್ರಿಂಗ್ಸ್ ಸೀಮೆಯ ಮೂಲನಿವಾಸಿಗಳಾದ ಅರಂಟ ಜನರು ತಮ್ಮ ನೆಲದ ಇನ್ನೊಂದು ಕಲ್ಲನ್ನು ತಾವಾಗಿಯೇ ಕೊಟ್ಟರು. ಈಗ ಫ್ಲಿನ್ ಬೋಧಕರ ಸಮಾಧಿಯ ಮೇಲೆ ನಿಂತಿರುವದು ಆ ದಾನದ ಕಲ್ಲೇ.

ನೆಲದ ಧಣಿಯನ್ನು ಕೇಳುವದೆಂಬುದು ಈಗ ಆ ನಾಡಿನಲ್ಲಿ ಕಾನೂನೂ ಆಗಿದೆ. ಉತ್ತರ ಪ್ರಾಂತ್ಯದಲ್ಲಿ 1976ರ ಕಾನೂನಿನ ಮೂಲಕ, ಎರ್ನಬೆಲ್ಲ ಇರುವ ದಕ್ಷಿಣ ಆಸ್ಟ್ರೇಲಿಯದ ಸೀಮೆಯಲ್ಲಿ 1981ರ ಕಾನೂನಿನ ಮೂಲಕ, ವಿಸ್ತಾರವಾದ ಭೂಮಿಗಳು ಮೂಲನಿವಾಸಿಗಳ ಹಕ್ಕಿಗೆ ಬಂದವು. ಆದ್ದರಿಂದ ಅಂಥ ಸೀಮೆಗಳ ದಾರಿಗಳಲ್ಲಿ ಹೋಗುವವರು ಮುಂಚಿತವಾಗಿ ರಹದಾರಿ ಚೀಟಿಯನ್ನು ಬೇಡಿ ಪಡೆಯಬೇಕಾಗುತ್ತದೆ. ಪಶ್ಚಿಮದ ಲೇವರ್ಟನ್ ಊರಿನಿಂದ ಉಲುರು ಬಂಡೆಯ ಕಡೆಗೆ ಸುಮಾರು 1,100 ಕಿಲೋಮೀಟರು ಉದ್ದದ ದಾರಿಯಿದೆ. ಅದು ಎರಡು ಪ್ರಾಂತ್ಯಗಳಲ್ಲಿ ಹಾಯುವದರಿಂದ ಎರಡು ಚೀಟಿಗಳು ಬೇಕು. ಲುಥೆರನ್ ಮಿಶನರಿಗಳು 1877ರಲ್ಲಿ ಸ್ಥಾಪಿಸಿದ ಹೆರ್ಮನ್ಸ್‌ಬರ್ಗ್ ಊರಿನ ಭೂಮಿಯು 1982ರಲ್ಲಿ ಅಲ್ಲಿಯ ಜನರಿಗೇ ಸೇರಿತು. ಆ ಊರಿನ ಪಶ್ಚಿಮಕ್ಕೆ ಹೋಗುವ ಮೆರೀನಿ ದಾರಿಗೂ ಚೀಟಿ ಬೇಕು.

ಚೀಟಿ ಸಿಕ್ಕಿತೆಂದು ಮನಸ್ಸು ಬಂದ ಕಡೆ ಡೇರೆ ಹಾಕುವಂತಿಲ್ಲ. ಮೆರೀನಿ ದಾರಿಯ ಬದಿಯಲ್ಲಿ ರಾತ್ರಿ ತಂಗುವದಕ್ಕೇ ಅಪ್ಪಣೆಯಿಲ್ಲ. ಬೇರೆ ಕಡೆಗಳಲ್ಲಿ ನೇಮಿಸಿದ ಸ್ಥಳಗಳಲ್ಲಿ ಮಾತ್ರ ಬಿಡಾರ ಮಾಡಬಹುದು. ದಾರಿ ಬಿಟ್ಟು ತಿರುಗಬಾರದು. ಅನೇಕ ಊರುಗಳಲ್ಲಿ ಮದ್ಯವನ್ನು ಒಳಗೆ ತರಕೂಡದು. ಸಾವು ಸಂಭವಿಸಿದಾಗಲೂ ಆಚಾರದ ಕಾಲಗಳಲ್ಲಿಯೂ ದಾರಿಯನ್ನು ಮುಚ್ಚುವದುಂಟು. ಕೆಲವು ಪ್ರಯಾಣಿಕರು ಇದನ್ನು ಬರೀ ತೊಂದರೆಯೆಂದು ಗೊಣಗುತ್ತಾರೆ. ಆದರೆ ನಮ್ಮ ಹೊಲದ ಬದುವಿನಲ್ಲಿ ಅಪರಿಚಿತರು ಕೇಳದೆ ಬಂದು ಒಲೆ ಹೂಡಿದರೆ, ನಮ್ಮ ಹಿರಿಯರ ಸಮಾಧಿಯ ಕಲ್ಲನ್ನು ಕಿತ್ತುಕೊಂಡು ಹೋದರೆ, ನಮಗೆ ಹೇಗಿದ್ದೀತು?

ಸಹೋದರರೇ, ಇದು ಹೊಸ ಬೋಧನೆಯಲ್ಲ. ಮೋಶೆಯು ದೇವಜನರನ್ನು ನಡಿಸಿಕೊಂಡು ಬಂದಾಗ, ಎದೋಮಿನ ಅರಸನ ಬಳಿಗೆ ದೂತರನ್ನು ಕಳುಹಿಸಿ, ಹೊಲವನ್ನೂ ದ್ರಾಕ್ಷೇ ತೋಟವನ್ನೂ ತುಳಿಯದೆ ರಾಜಮಾರ್ಗದಲ್ಲಿಯೇ ಹೋಗುವೆವೆಂದು ಅಪ್ಪಣೆ ಬೇಡಿದನು. ಅರಸನು ಕೊಡದೆ ಹೋದಾಗ ಇಸ್ರಾಯೇಲ್ಯರು ಸುತ್ತು ದಾರಿ ಹಿಡಿದರು. ವಿಶ್ವಾಸಿಗಳ ತಂದೆಯಾದ ಅಬ್ರಹಾಮನು ಸಾರಳನ್ನು ಹೂಣಿಡುವದಕ್ಕೆ ಹಿತ್ತಿಯರ ಮುಂದೆ ಬೊಗ್ಗಿ, ಮಕ್ಪೇಲದ ಗವಿಗೆ 400 ಬೆಳ್ಳಿ ಶೆಕೆಲ್‌ಗಳನ್ನು ತೂಕಮಾಡಿ ಕೊಟ್ಟನು. ದೇವರ ವಾಗ್ದಾನವು ಅವನಿಗಿದ್ದರೂ ಕೇಳದೆ ತೆಗೆದುಕೊಳ್ಳಲಿಲ್ಲ.

ಫ್ಲಿನ್ ಬೋಧಕರು ಎತ್ತಿದ ಕೆಲಸವು ಇಂದಿಗೂ ನಡೆಯುತ್ತಿದೆ; ಆ ವಿಮಾನಗಳು ಈಗ ಬಿಳಿಯರಿಗೂ ಮೂಲನಿವಾಸಿಗಳಿಗೂ ಸಮವಾಗಿ ಹಾರುತ್ತವೆ. ನಾವು ಅವರಿಂದ ದೂರದಲ್ಲಿರುವವನನ್ನು ಮರೆಯದಿರುವದನ್ನು ಕಲಿಯೋಣ. ಅವರ ಸಮಾಧಿಯ ಕಲ್ಲಿನಿಂದ, ಹತ್ತಿರದಲ್ಲಿರುವವನನ್ನು ಕೇಳದೆ ಅವನದನ್ನು ಮುಟ್ಟದಿರುವದನ್ನು ಕಲಿಯೋಣ. ನಮ್ಮಲ್ಲಿ ಯಾರಾದರೂ ನೆರೆಯವನ ಬದುವನ್ನು ಒತ್ತಿದ್ದರೆ, ಅಥವಾ ಸಭೆಯ ಹೆಸರಿನಲ್ಲಿಯೇ ಒಬ್ಬನದನ್ನು ಕೇಳದೆ ತೆಗೆದಿದ್ದರೆ, ಅದನ್ನು ಹಿಂದಕ್ಕೆ ಕೊಡುವದಕ್ಕೆ ನಾಚಿಕೆಪಡದಿರಲಿ. ಅದಕ್ಕೆ ಬೇಕಾದ ದೀನ ಮನಸ್ಸನ್ನು ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ.