ಸುಂಕದ ಕಟ್ಟೆಯಿಂದ ಶಾಸನದವರೆಗೆ: ಚೆಸ್ಟರ್ ಆರ್ಥರನ ಬದುಕು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮ ಗಾದೆಯೊಳಗಿನ ಅನುಭವ. ಅಮೆರಿಕದ ಅತಿದೊಡ್ಡ ಸುಂಕದ ಕಚೇರಿಯ ಮುಖ್ಯಸ್ಥನಾಗಿದ್ದು, ಸರ್ಕಾರಿ ನೌಕರಿಯನ್ನು ಪಕ್ಷನಿಷ್ಠೆಗೆ ವಿನಿಮಯ ಮಾಡುವ ವ್ಯವಸ್ಥೆಯಲ್ಲಿಯೇ ಬೆಳೆದವನೊಬ್ಬ, ಮುಂದೆ ಆ ವ್ಯವಸ್ಥೆಯನ್ನು ನಿರ್ಬಂಧಿಸುವ ಶಾಸನಕ್ಕೆ ಸಹಿ ಹಾಕಿದ. ಆ ದೇಶದ 21ನೆಯ ಅಧ್ಯಕ್ಷ ಚೆಸ್ಟರ್ ಅಲನ್ ಆರ್ಥರನ ಬದುಕಿನ ಈ ವೈರುಧ್ಯವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಆರ್ಥರ್ 1829ರ ಅಕ್ಟೋಬರ್ 5ರಂದು ವರ್ಮಾಂಟ್ ರಾಜ್ಯದ ಫೇರ್‌ಫೀಲ್ಡ್‌ನಲ್ಲಿ ಜನಿಸಿದನು. ತಂದೆ ಐರ್ಲೆಂಡಿನಿಂದ ವಲಸೆ ಬಂದ ಬ್ಯಾಪ್ಟಿಸ್ಟ್ ಪಾದ್ರಿ. ಅದೇ ವರ್ಷ ಅಧಿಕಾರಕ್ಕೆ ಬಂದ ಆಂಡ್ರ್ಯೂ ಜಾಕ್ಸನ್ನನ ಕಾಲದಲ್ಲಿ, ಗೆದ್ದ ಪಕ್ಷವು ತನ್ನವರಿಗೆ ಹುದ್ದೆಗಳನ್ನು ಹಂಚುವ ಕ್ರಮ ಬಲವಾಗಿ ಬೇರೂರಿತು. ನ್ಯೂಯಾರ್ಕಿನಲ್ಲಿ ವಕೀಲನಾದ ಆರ್ಥರ್, ಟ್ರಾಮಿನಿಂದ ಹೊರದಬ್ಬಲ್ಪಟ್ಟ ಕಪ್ಪುಜನಾಂಗದ ಶಿಕ್ಷಕಿ ಎಲಿಜಬೆತ್ ಜೆನಿಂಗ್ಸ್ ಪರವಾಗಿ ವಾದಿಸಿ 1855ರಲ್ಲಿ ಗೆಲುವು ತಂದುಕೊಟ್ಟನು. ಅವನ ಸಾರ್ವಜನಿಕ ಬದುಕಿನ ಆರಂಭ ಹೀಗೆ ನ್ಯಾಯಪರವಾಗಿಯೇ ಇದ್ದಿತೆಂಬುದು ಗಮನಾರ್ಹ.

1871ರಲ್ಲಿ ಅಧ್ಯಕ್ಷ ಗ್ರಾಂಟ್ ಅವನನ್ನು ನ್ಯೂಯಾರ್ಕ್ ಬಂದರಿನ ಸುಂಕಾಧಿಕಾರಿಯನ್ನಾಗಿ ನೇಮಿಸಿದನು. ದೇಶದ ಆಮದು ಸುಂಕದ ಬಹುಭಾಗ ಅಲ್ಲಿಯೇ ಸಂಗ್ರಹವಾಗುತ್ತಿತ್ತು. ಸುಮಾರು 1,000 ನೌಕರರಿದ್ದ ಆ ಕಚೇರಿ ಸೆನೆಟರ್ ರಾಸ್ಕೋ ಕಾಂಕ್ಲಿಂಗ್‌ನ ಬಣಕ್ಕೆ ಆಧಾರಸ್ತಂಭವಾಗಿತ್ತು. ನೌಕರರ ವೇತನದಿಂದ ಪಕ್ಷದ ನಿಧಿಗೆ ಪಾಲು ಸಲ್ಲುತ್ತಿತ್ತು. ಕೊಡದವನ ಕೆಲಸಕ್ಕೆ ಭದ್ರತೆಯಿರಲಿಲ್ಲ. ಸುಧಾರಣೆಗೆ ಮುಂದಾದ ಅಧ್ಯಕ್ಷ ಹೇಯ್ಸ್ 1877ರಲ್ಲಿ ಈ ಕಚೇರಿಯ ಬಗ್ಗೆ ತನಿಖೆ ನಡೆಸಿ, 1878ರಲ್ಲಿ ಆರ್ಥರನನ್ನು ಹುದ್ದೆಯಿಂದ ತೆಗೆದನು.

1880ರ ಜನವರಿಯಲ್ಲಿ ಪತ್ನಿ ಎಲೆನ್ ತೀರಿಕೊಂಡಳು. ಅದೇ ವರ್ಷ ಬಣಗಳ ಹೊಂದಾಣಿಕೆಯ ಫಲವಾಗಿ ಆರ್ಥರ್ ಉಪಾಧ್ಯಕ್ಷ ಸ್ಥಾನಕ್ಕೆ ಆಯ್ಕೆಯಾದನು. 1881ರ ಜುಲೈ 2ರಂದು ಅಧ್ಯಕ್ಷ ಗಾರ್ಫೀಲ್ಡ್‌ನ ಮೇಲೆ ಗುಂಡು ಹಾರಿಸಿದ ಚಾರ್ಲ್ಸ್ ಗಿಟೋ, ಪಕ್ಷಕ್ಕಾಗಿ ದುಡಿದುದಕ್ಕೆ ಪ್ರತಿಯಾಗಿ ಪ್ಯಾರಿಸಿನಲ್ಲಿ ಕಾನ್ಸಲ್ ಹುದ್ದೆ ಬಯಸಿ ನಿರಾಶನಾದವನು. ತಾನು ಆರ್ಥರನ ಬಣದವನೆಂದು ಅವನು ಸಾರಿಕೊಂಡದ್ದರಿಂದ ಜನರ ಸಂಶಯ ಉಪಾಧ್ಯಕ್ಷನತ್ತಲೂ ತಿರುಗಿತು. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ನಿಧನನಾದಾಗ ಆರ್ಥರ್ ಅಧ್ಯಕ್ಷನಾದನು.

ಓಹಿಯೋದ ಸೆನೆಟರ್ ಜಾರ್ಜ್ ಪೆಂಡಲ್ಟನ್ ಮಂಡಿಸಿದ್ದ ಮಸೂದೆಯ ಕರಡನ್ನು ರೂಪಿಸಿದವನು ಇಂಗ್ಲೆಂಡಿನ ನಾಗರಿಕ ಸೇವೆಯನ್ನು ಅಧ್ಯಯನ ಮಾಡಿದ್ದ ಡಾರ್ಮನ್ ಈಟನ್. 1883ರ ಜನವರಿ 16ರಂದು ಆರ್ಥರ್ ಅದಕ್ಕೆ ಸಹಿ ಹಾಕಿದನು. ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ನೇಮಕಾತಿ, ಪಕ್ಷಕ್ಕೆ ವಂತಿಗೆ ಕೊಡದ ನೌಕರನಿಗೆ ವಜಾದಿಂದ ರಕ್ಷಣೆ, ಸರ್ಕಾರಿ ಕಚೇರಿಗಳಲ್ಲಿ ವಂತಿಗೆ ಎತ್ತುವುದಕ್ಕೆ ನಿಷೇಧ ಇವು ಅದರ ಮುಖ್ಯಾಂಶಗಳು. ಆರಂಭದಲ್ಲಿ ಶಾಸನಕ್ಕೆ ಒಳಪಟ್ಟ ಹುದ್ದೆಗಳು ಶೇಕಡ 10ರಷ್ಟು ಮಾತ್ರ. ಆದರೆ ವ್ಯಾಪ್ತಿಯನ್ನು ವಿಸ್ತರಿಸುವ ಅಧಿಕಾರ ಅಧ್ಯಕ್ಷನಿಗಿತ್ತು. ನಿರ್ಗಮಿಸುವ ಅಧ್ಯಕ್ಷರು ತಾವು ನೇಮಿಸಿದವರನ್ನು ಉಳಿಸಿಕೊಳ್ಳಲು ಈ ಅಧಿಕಾರವನ್ನು ಬಳಸಿದ್ದರಿಂದ, ಸ್ವಾರ್ಥವೇ ಸುಧಾರಣೆಗೆ ಸಾಧನವಾಯಿತು. ಬೆಂಬಲಕ್ಕೆ ಪ್ರತಿಯಾಗಿ ನೌಕರಿ ಅಥವಾ ಸರ್ಕಾರಿ ಸವಲತ್ತಿನ ಭರವಸೆ ನೀಡುವುದನ್ನೇ ಅಪರಾಧವೆಂದು ಪರಿಗಣಿಸಿದ್ದು 1939ರ ಹ್ಯಾಚ್ ಕಾಯಿದೆ.

ಆರ್ಥರನ ಈ ಪರಿವರ್ತನೆಗೆ ಕಾರಣವೇನು? 1882ರ ಚುನಾವಣೆಯಲ್ಲಿ ಅವನ ಪಕ್ಷ ಸೋತು, ಸುಧಾರಣೆಯ ಪರವಾದ ಜನಾಭಿಪ್ರಾಯ ಸ್ಪಷ್ಟವಾಗಿತ್ತೆಂಬುದು ಒಂದು ವಿವರಣೆ. ಮೂತ್ರಪಿಂಡದ ಮಾರಕ ರೋಗವನ್ನು ಗುಟ್ಟಾಗಿಟ್ಟಿದ್ದ ಅವನಿಗೆ ರಾಜಕೀಯ ಭವಿಷ್ಯದ ಹಂಗು ಕಡಿಮೆಯಾಗಿತ್ತೆಂಬುದು ಇನ್ನೊಂದು. ನಿರ್ಣಾಯಕ ಸಾಕ್ಷ್ಯವನ್ನು ಅವನೇ ಉಳಿಸಲಿಲ್ಲ. 1886ರ ನವೆಂಬರ್ 18ರಂದು ಮರಣಹೊಂದುವ ಮುನ್ನ ತನ್ನ ಕಾಗದಪತ್ರಗಳ ಬಹುಭಾಗವನ್ನು ಸುಡಿಸಿದನು. ಆದರೆ ಜೂಲಿಯಾ ಸ್ಯಾಂಡ್ ಎಂಬ ಅಪರಿಚಿತ ಮಹಿಳೆ ಬರೆದ 23 ಪತ್ರಗಳು ಉಳಿದವು. ಹಳೆಯ ಬಣರಾಜಕಾರಣವನ್ನು ತೊರೆದು ಹುದ್ದೆಗೆ ತಕ್ಕವನಾಗಬೇಕೆಂದು ಆಕೆ ಅವುಗಳಲ್ಲಿ ನಿಷ್ಠುರವಾಗಿ ಒತ್ತಾಯಿಸಿದ್ದಳು. 1882ರ ಆಗಸ್ಟಿನಲ್ಲಿ ಅಧ್ಯಕ್ಷನೇ ಆಕೆಯ ಮನೆಗೆ ಹೋಗಿ ಭೇಟಿಯಾಗಿದ್ದ. ಆ ಪತ್ರಗಳೇ ಅವನನ್ನು ಬದಲಿಸಿದವೆಂದು ಹೇಳಲಾಗದು. ಆದರೂ ಈ ಸುಂಕದವನ ಮುಂದೆ ಹೇಳಿಕೊಂಡ ಮಾತು ಪೂರ್ಣ ವ್ಯರ್ಥವಾಗಲಿಲ್ಲವೆಂಬುದಕ್ಕೆ ಬೆಂಕಿಗೆ ಬೀಳದ ಆ ಕಾಗದಗಳಿಗಿಂತ ಹತ್ತಿರದ ಸಾಕ್ಷ್ಯ ನಮಗೆ ದೊರೆಯದು.