ಸಂಗೊಳ್ಳಿಯ ಶೇತಸನದಿ

ಮಹಾನಗರಗಳ ಪೋಲೀಸ ಅಧಿಕಾರಿಗಳು ಚಲಚ್ಚಿತ್ರದ ತೆರೆಯ ಮೇಲೆ ನಾಯಕರಾಗಿ ಮೆರೆಯುವುದು ನಮ್ಮ ಕಾಲದ ಸಾಮಾನ್ಯ ಸಂಗತಿಯಾಗಿದೆ. ಬೆಂಗಳೂರಿನ ಪೋಲೀಸ ಅಧಿಕಾರಿ ಸಾಂಗ್ಲಿಯಾನರ ಹೆಸರನ್ನೇ ಹೊತ್ತ ಚಿತ್ರವು 1988ನೆಯ ಇಸವಿಯಲ್ಲಿ ಶಂಕರನಾಗರ ಅಭಿನಯದಿಂದ ಮನೆಮಾತಾದುದನ್ನು ವಾಚಕರು ಬಲ್ಲರು. ಆದರೆ ಊರ ಕಾವಲುಗಾರನೊಬ್ಬನು ತೆರೆಯನ್ನೇರಿದ ಕಥೆಗಳಲ್ಲಿ ಹಿರಿದಾದುದು ನಮ್ಮ ಕಿತ್ತೂರು ಸೀಮೆಯದೇ ಆಗಿದೆ. 2012ನೆಯ ಇಸವಿಯ ನವೆಂಬರದಲ್ಲಿ ನಾಗಣ್ಣನವರ ನಿರ್ದೇಶನದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರವು ಬಂದಾಗ ಹಳ್ಳಿಹಳ್ಳಿಯ ಜನರು ಅದನ್ನು ನೋಡಿದರು. ದರ್ಶನರು ರಾಯಣ್ಣನಾಗಿಯೂ ಜಯಪ್ರದೆಯವರು ರಾಣಿ ಚೆನ್ನಮ್ಮನಾಗಿಯೂ ಅದರಲ್ಲಿ ಕಾಣಿಸಿಕೊಂಡರು. ತೆರೆಯ ಗುಣವೇ ಹಾಗೆ: ಅದು ಖಡ್ಗದ ಮಿಂಚನ್ನು ತೋರಿಸಿದಷ್ಟು ಚೆನ್ನಾಗಿ ಸನದಿನ ಕಾಗದವನ್ನು ತೋರಿಸಲಾರದು. ರಾಯಣ್ಣನ ಬಾಳಾದರೋ ಕಾಗದದಿಂದಲೇ ಮೊದಲಾಗುತ್ತದೆ.

ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯಲ್ಲಿ ಕುರುಬರ ಮನೆತನದ ಭರಮಪ್ಪ, ಕೆಂಚಮ್ಮ ಎಂಬ ದಂಪತಿಗಳ ಮಗನಾಗಿ ಅವನು ಜನಿಸಿದನು. ಆಗಸ್ಟ 15ನ್ನೇ ಅವನ ಜನ್ಮದಿನವೆಂದು ನಾಡು ಆಚರಿಸುತ್ತದೆ. ಮನೆತನಕ್ಕೆ ಬಂದ ವೃತ್ತಿಯು ಶೇತಸನದಿಯದು. ಶೇತವೆಂದರೆ ಹೊಲ, ಸನದೆಂದರೆ ಪ್ರಭುವು ಬರೆದುಕೊಟ್ಟ ಪತ್ರ. ಊರನ್ನು ರಾತ್ರಿ ಕಾಯುವುದು, ಕಳ್ಳನ ಜಾಡನ್ನು ಹಿಡಿಯುವುದು, ಕಂದಾಯದ ಹಣವನ್ನು ಕಚೇರಿಗೆ ಸುರಕ್ಷಿತವಾಗಿ ಮುಟ್ಟಿಸುವುದು, ದೊರೆಯ ಕರೆ ಬಂದಾಗ ಆಯುಧ ಹಿಡಿದು ಹೊರಡುವುದು, ಇವು ಅವನ ಕರ್ತವ್ಯಗಳು. ಇವಕ್ಕೆ ಪ್ರತಿಯಾಗಿ ಉಂಬಳಿಯ ಹೊಲ. ದೇಗಾಂವದಿಂದ ಸಂಗೊಳ್ಳಿಯವರೆಗಿನ ಈ ಸೀಮೆಯಲ್ಲಿ ಇಂದಿನ ಪೋಲೀಸ ಠಾಣೆಗಳು ಹುಟ್ಟುವ ಮೊದಲು ಊರಿನ ಶಾಂತಿಯು ನಿಂತುದು ಇಂಥವರ ಮೇಲೆಯೇ.

1816ರಲ್ಲಿ ಮಲ್ಲಸರ್ಜ ದೇಸಾಯಿಯು ತೀರಿಕೊಂಡನು. ಅವನ ಮಗನಾದ ಶಿವಲಿಂಗರುದ್ರಸರ್ಜನು 1824ರ ಸಪ್ಟೆಂಬರದಲ್ಲಿ ಮಕ್ಕಳಿಲ್ಲದೆ ಕಾಲವಾದನು. ಸಾಯುವ ಮುನ್ನ ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜಂಟನೂ ಆಗಿದ್ದ ಥ್ಯಾಕರೆಯು ಒಪ್ಪದೆ ಕಿತ್ತೂರಿನ ಭಂಡಾರಕ್ಕೆ ಮುದ್ರೆಯೊತ್ತಿದನು. ಅಕ್ಟೋಬರ 23ರಂದು ಕೋಟೆಯ ಬಾಗಿಲಲ್ಲಿ ಯುದ್ಧವಾಗಿ ಥ್ಯಾಕರೆಯು ಮಡಿದನು. ಆದರೆ ಕಂಪನಿಯು ದೊಡ್ಡ ಸೈನ್ಯವನ್ನು ಕೂಡಿಸಿ ಡಿಸೆಂಬರದ ಮೊದಲ ವಾರದಲ್ಲಿಯೇ ಕೋಟೆಯನ್ನು ವಶಪಡಿಸಿಕೊಂಡಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯನ್ನು ಸೇರಿದಳು. ಯುದ್ಧದಲ್ಲಿ ಕಾದಾಡಿದ ರಾಯಣ್ಣನು ಸೆರೆಸಿಕ್ಕು, ಅನಂತರ ಬಿಡುಗಡೆ ಹೊಂದಿ ಊರಿಗೆ ಮರಳಿದನು.

ಇಲ್ಲಿಗೆ ಕಥೆಯು ಮುಗಿಯಬಹುದಾಗಿತ್ತು. ಸೋತ ಸಂಸ್ಥಾನದ ಸಿಪಾಯಿಗಳು ಹೊಲವನ್ನು ಉಳುತ್ತ ಹೊಸ ಆಳಿಕೆಗೆ ಒಗ್ಗಿಹೋದುದು ಎಷ್ಟೋ ಕಡೆ ಉಂಟು. ಆದರೆ ಕಂಪನಿಯ ಸರಕಾರವು ಹಳೆಯ ಸನದುಗಳನ್ನು ಹೊಸ ಕಣ್ಣಿನಿಂದ ನೋಡಹತ್ತಿತು. ರಾಯಣ್ಣನ ಉಂಬಳಿಯ ಹೊಲದಲ್ಲಿ ಒಂದು ಪಾಲನ್ನು ಕಸಿದುಕೊಂಡು, ಉಳಿದುದರ ಮೇಲೆ ಭಾರವಾದ ಕಂದಾಯವನ್ನು ಹೇರಿತು. ಅವನೊಬ್ಬನಿಗೇ ಆದ ಅನ್ಯಾಯವಲ್ಲವಿದು. ಅವನಂಥ ಅನೇಕ ಶೇತಸನದಿಗಳ ಅನ್ನವೂ ಮಾನವೂ ಒಂದೇ ಲೇಖನಿಯ ಎಳೆತದಿಂದ ಹೋದವು. ಊರನ್ನು ಕಾಯುವವನ ಕೂಳನ್ನು ಕಸಿದ ಸರಕಾರವು ಅವನಿಂದ ಕಾವಲನ್ನು ನಿರೀಕ್ಷಿಸುವುದು ಹೇಗೆ?

1829ರ ಫೆಬ್ರವರಿಯಲ್ಲಿ ಚೆನ್ನಮ್ಮರಾಣಿಯು ಸೆರೆಯಲ್ಲಿಯೇ ದೇಹವಿಟ್ಟಳು. ಆ ವರುಷವು ಮುಗಿಯುವ ಮುನ್ನವೇ ರಾಯಣ್ಣನು ಅಡವಿಯನ್ನು ಸೇರಿ, ದತ್ತಕಪುತ್ರನಾದ ಶಿವಲಿಂಗಪ್ಪನನ್ನು ಗಾದಿಗೆ ತರುವ ಪಣ ತೊಟ್ಟು ದಂಡು ಕಟ್ಟಿದನು. ಅವನ ಕಡೆಗೆ ಬಂದವರು ಹೊಲ ಕಳೆದುಕೊಂಡ ಶೇತಸನದಿಗಳು, ಬಡ ರೈತರು, ಗಜವೀರನೆಂಬ ಸಿದ್ದಿಯಂಥ ಅಡವಿಯ ಮಕ್ಕಳು. ಬೀಡಿ, ನಂದಗಡ, ಸಂಪಗಾಂವಗಳಲ್ಲಿ ಕಂಪನಿಯ ಕಚೇರಿ ಖಜಾನೆಗಳ ಮೇಲೆ ಅವನ ದಾಳಿ ನಡೆಯಿತು. ಕಚೇರಿಗೆ ಬೆಂಕಿ ಬಿದ್ದರೆ ಮೊದಲು ಸುಡುವುದು ದಫ್ತರವಲ್ಲವೇ? ತನ್ನ ಹೊಲವು ಕೈಬಿಟ್ಟುದು ಯಾವ ಬರಹದಿಂದಲೋ ಆ ಬರಹದ ಮನೆಯನ್ನೇ ಅವನು ಹುಡುಕಿ ಹೋದನು. ಕಾವಲಿನ ವೃತ್ತಿಯಲ್ಲಿ ಕಲಿತ ಕಾಲುದಾರಿ, ಹಳ್ಳ, ಗುಡ್ಡಗಳ ಜ್ಞಾನವೇ ಕಂಪನಿಯ ಕುದುರೆ ತೋಪುಗಳನ್ನು ದಣಿಸಿತು.

ಬಲದಿಂದ ಆಗದುದು ಭೇದದಿಂದ ಆಯಿತು. ಧಾರವಾಡದ ಅಮಲ್ದಾರ ಕೃಷ್ಣರಾಯನು ಹೂಡಿದ ಹೂಟಕ್ಕೆ ಖೋದಾನಪುರದ ಲಿಂಗನಗೌಡ, ನೇಗಿನಹಾಳದ ವೆಂಕನಗೌಡರು ನೆರವಾದರು. 1830ರ ಏಪ್ರಿಲದಲ್ಲಿ ಡೋರಿ ಹಳ್ಳದಲ್ಲಿ ಆಯುಧವನ್ನು ಕೆಳಗಿರಿಸಿ ಸ್ನಾನಕ್ಕಿಳಿದಿದ್ದ ರಾಯಣ್ಣನು ಸೆರೆಯಾದನು. ಹಿಡಿಸಿದವರು ಪರದೇಶದವರಲ್ಲ, ನಮ್ಮವರೇ. ಇದನ್ನು ಮರೆತು ಕೇವಲ ಆಂಗ್ಲರನ್ನು ದೂರಿದರೆ ಇತಿಹಾಸವು ನಮಗೆ ಕಲಿಸುವುದೇನೂ ಉಳಿಯದು. ವಿಚಾರಣೆಯಾಗಿ, 1831ರ ಜನೆವರಿ 26ರಂದು ನಂದಗಡದ ಬಳಿಯ ಆಲದ ಮರಕ್ಕೆ ಅವನನ್ನು ಗಲ್ಲಿಗೇರಿಸಿದರು. ನಂದಗಡದ ಅವನ ಸಮಾಧಿಗೆ ಜನರು ಇಂದಿಗೂ ನಡೆದುಕೊಳ್ಳುತ್ತಾರೆ. ಮಕ್ಕಳಿಗಾಗಿ ಹರಕೆ ಹೊತ್ತು ಅಲ್ಲಿ ತೊಟ್ಟಿಲು ಕಟ್ಟುವವರುಂಟು.

ಚಲಚ್ಚಿತ್ರವು ಬರುವುದಕ್ಕೆ ಬಹಳ ಮುಂಚೆಯೇ ಲಾವಣಿಕಾರರು ಅವನನ್ನು ಊರೂರಿಗೆ ಒಯ್ದಿದ್ದರು. ಕಂಪನಿಯ ತರುವಾಯದ ಆಂಗ್ಲ ಸರಕಾರದ ಅಧಿಕಾರಿಯೇ ಆದ ಫ್ಲೀಟ ಸಾಹೇಬನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದನು. ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ಚಿತ್ರವು 1961ರ ಸಾಲಿನಲ್ಲಿ ಬಿ. ಸರೋಜಾದೇವಿಯವರ ಮುಖದಿಂದ ರಾಣಿಯನ್ನು ನಾಡಿಗೆಲ್ಲ ಪರಿಚಯಿಸಿತು. ಇವೆಲ್ಲವೂ ಉಪಕಾರಗಳೇ. ಅಕ್ಷರವರಿಯದವನಿಗೂ ತನ್ನ ನಾಡಿನ ಹಿರಿಮೆಯನ್ನು ತಿಳಿಸುವ ಸಾಧನವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಸಾಹಸವನ್ನು ಮಾತ್ರ ಕಂಡು ಶಿಳ್ಳೆ ಹೊಡೆದು ಮನೆಗೆ ಬರುವವನು ಬಂಡಾಯವು ಏಕೆ ಹುಟ್ಟಿತೆಂಬುದನ್ನು ಕೇಳದೆ ಹೋಗುತ್ತಾನೆ.

ಆ ಪ್ರಶ್ನೆಯನ್ನು ಕೇಳಬೇಕಾದವರು ವಿಶೇಷವಾಗಿ ಅಧಿಕಾರದಲ್ಲಿರುವವರು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯದೆಯು ರದ್ದುಗೊಳಿಸಿ, ಚಾಕರಿಯ ಹೊಲಗಳನ್ನು ಹಿಡಿದವರಿಗೇ ಮರುಮಂಜೂರು ಮಾಡುವ ದಾರಿಯನ್ನು ತೆರೆಯಿತು. ಇಂಥ ಹೊಲಗಳ ತಕರಾರುಗಳು ಇಂದಿಗೂ ಕಚೇರಿ ನ್ಯಾಯಾಲಯಗಳನ್ನು ಬಿಟ್ಟಿಲ್ಲ. ಹಳೆಯ ಸನದಿನ ಪ್ರತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಾಲೂಕಿನ ಕಟ್ಟೆಯ ಮೇಲೆ ಕಾಯುವ ಮುದುಕಿಯನ್ನು ನಾಳೆ ಬಾ ಎಂದು ಕಳುಹಿಸುವ ಗುಮಾಸ್ತನು, ತನ್ನ ಗೋಡೆಯ ಮೇಲೆ ರಾಯಣ್ಣನ ಚಿತ್ರವನ್ನು ತೂಗಹಾಕಿದ್ದರೆ ಅದರಿಂದ ರಾಯಣ್ಣನಿಗೇನು ಮಾನವಾಯಿತು?

ರಾಜಧಾನಿಯ ಮುಖ್ಯ ರೇಲ್ವೆ ನಿಲ್ದಾಣವು ಇಂದು ಹಳ್ಳಿಯ ಆ ಕಾವಲುಗಾರನ ಹೆಸರನ್ನೇ ಹೊತ್ತಿದೆ. ಅವನು ಹುಟ್ಟಿದ ದಿನವೇ ದೇಶವು ಸ್ವತಂತ್ರವಾಯಿತು. ಅವನು ಗಲ್ಲಿಗೇರಿದ ದಿನವೇ ದೇಶವು ಗಣರಾಜ್ಯವಾಯಿತು. ವರುಷಕ್ಕೆ ಎರಡು ಸಲ ಧ್ವಜವನ್ನೇರಿಸುವ ಕೈಗಳು ಉಳಿದ ದಿನಗಳಲ್ಲಿ ಬಡವನ ಅರ್ಜಿಯನ್ನೂ ಅಷ್ಟೇ ಆದರದಿಂದ ಎತ್ತಿಕೊಂಡರೆ, ಸಂಗೊಳ್ಳಿಯ ಶೇತಸನದಿಯ ಋಣವು ಸ್ವಲ್ಪಮಟ್ಟಿಗಾದರೂ ತೀರೀತು.