ಡಾ. ದ್ವಾರಕಾನಾಥ ಕೋಟ್ನಿಸ್: ಸೊಲ್ಲಾಪುರದಿಂದ ಚೀನಾದ ಹಳ್ಳಿಗಳಿಗೆ

ಈ ಸಲದ ಬೋಧನಾಭ್ಯಾಸದಲ್ಲಿ ನನ್ನ ಪಾಲಿಗೆ ಬಂದದ್ದು ಹತ್ತನೆಯ ತರಗತಿ, ಎರಡನೆಯ ಮಹಾಯುದ್ಧದ ಪಾಠ. ಜಪಾನ್ ಚೀನಾದ ಮೇಲೆ ದಾಳಿ ಮಾಡಿತು, 1945ರಲ್ಲಿ ಸೋತಿತು, 1949ರಲ್ಲಿ ಚೀನಾದಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದರು ಎಂದು ಮೂರು ಮಾತಿನಲ್ಲಿ ಮುಗಿಸಿ ಕಪ್ಪುಹಲಗೆ ಒರೆಸುತ್ತಿದ್ದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಜಪಾನ್ ಸೋತಿತು ಎಂದಮೇಲೆ ಚೀನಾದ ಸರ್ಕಾರ ಗೆದ್ದ ಹಾಗಾಯಿತಲ್ಲ, ಗೆದ್ದ ಸರ್ಕಾರ ನಾಲ್ಕೇ ವರ್ಷದಲ್ಲಿ ಬಿದ್ದದ್ದು ಯಾಕೆ ಎಂಬುದು ಅವಳ ಪ್ರಶ್ನೆ. ನನ್ನ ಪಾಠ ಯೋಜನೆಯಲ್ಲಿ ಇದಕ್ಕೆ ಜಾಗವಿರಲಿಲ್ಲ. ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಆ ನಾಳೆಗಾಗಿ ಓದುತ್ತಾ ಹೋದಾಗ ಸಿಕ್ಕವರು ಡಾ. ಕೋಟ್ನಿಸ್. ಅವರ ಹೆಸರು ನಾವೆಲ್ಲ ಕೇಳಿದ್ದೇವೆ. ಆದರೆ ಅವರ ಬದುಕು ಆ ಹುಡುಗಿಯ ಪ್ರಶ್ನೆಯ ನಟ್ಟನಡುವೆ ನಡೆದದ್ದು ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಲಿಂಗಸುಗೂರಿನಿಂದ ಹೊರಟು ವಿಜಯಪುರ ದಾಟಿದರೆ ಸೊಲ್ಲಾಪುರ. ನಮ್ಮ ಕಡೆಯವರಿಗೆ ಆ ಊರು ಚಾದರದಿಂದ ಗೊತ್ತು, ಸಿದ್ಧರಾಮನಿಂದ ಗೊತ್ತು. ಮರಾಠಿ, ಕನ್ನಡ, ತೆಲುಗು, ಉರ್ದು ಒಂದೇ ಓಣಿಯಲ್ಲಿ ಕೇಳಿಸುವ ಗಿರಣಿಗಳ ಊರು ಅದು. ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್ ಅಲ್ಲಿ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು. ಮಧ್ಯಮ ವರ್ಗದ ದೊಡ್ಡ ಸಂಸಾರ. ಅವರು ಇಪ್ಪತ್ತರ ಹರೆಯದಲ್ಲಿದ್ದಾಗ, 1930ರ ಮೇ ತಿಂಗಳಲ್ಲಿ, ಸೊಲ್ಲಾಪುರದ ಜನ ಬ್ರಿಟಿಷರ ವಿರುದ್ಧ ಸಿಡಿದೆದ್ದರು. ಊರಿನ ಮೇಲೆ ಸೈನಿಕ ಕಾಯ್ದೆ ಹೇರಲಾಯಿತು. ಮರುವರ್ಷ ಜನವರಿಯಲ್ಲಿ ಮಲ್ಲಪ್ಪ ಧನಶೆಟ್ಟಿ ಮತ್ತು ಇತರ ಮೂವರನ್ನು ಗಲ್ಲಿಗೇರಿಸಿದರು. ಅಂಥ ಊರಿನಿಂದ ಹೋದ ತರುಣ ಮುಂಬಯಿಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿ ವೈದ್ಯನಾದ. ಮುಂದಿನ ಓದಿಗೆ ತಯಾರಿ ನಡೆಸಿದ್ದಾಗ ಚೀನಾದ ಕರೆ ಬಂತು.

ಆ ಕರೆ ಏಕೆ ಬಂತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1927ರಿಂದ ಚೀನಾದಲ್ಲಿ ಅಂತರ್ಯುದ್ಧ ನಡೆದಿತ್ತು. ಒಂದು ಕಡೆ ಚಿಯಾಂಗ್ ಕೈ-ಶೇಕ್ ನಾಯಕತ್ವದ ಕುವೊಮಿಂಟಾಂಗ್ ಸರ್ಕಾರ, ಇನ್ನೊಂದು ಕಡೆ ಕಮ್ಯುನಿಸ್ಟರು. 1931ರಲ್ಲಿ ಜಪಾನ್ ಮಂಚೂರಿಯಾವನ್ನು ನುಂಗಿದಾಗಲೂ ಚಿಯಾಂಗ್ ಮೊದಲು ಮನೆಯೊಳಗಿನ ಶತ್ರುವನ್ನು ಮುಗಿಸಬೇಕೆಂದೇ ಹಟ ಹಿಡಿದರು. ಅವರು ಬಹುಮಟ್ಟಿಗೆ ಮುಗಿಸಿಯೂ ಬಿಟ್ಟಿದ್ದರು. 1934ರಲ್ಲಿ ಜಿಯಾಂಗ್ಸಿಯ ನೆಲೆ ಬಿಟ್ಟು ದೀರ್ಘ ನಡಿಗೆಗೆ ಹೊರಟ ಕಮ್ಯುನಿಸ್ಟ್ ಸೇನೆಯಲ್ಲಿ ಸುಮಾರು 86,000 ಜನರಿದ್ದರು. ಮರುವರ್ಷ ವಾಯವ್ಯದ ಒಣ ಗುಡ್ಡಗಳನ್ನು ಮುಟ್ಟಿದವರು 8,000ದಷ್ಟು. ಇನ್ನೊಂದು ದಂಡಯಾತ್ರೆ ನಡೆದಿದ್ದರೆ ಮಾವೋ ಎಂಬ ಹೆಸರು ನಮ್ಮ ಪಠ್ಯಪುಸ್ತಕಕ್ಕೆ ಬರುತ್ತಿತ್ತೋ ಇಲ್ಲವೋ.

ಆ ದಂಡಯಾತ್ರೆ ನಡೆಯಲಿಲ್ಲ. ಜಪಾನಿಗೆ ತನ್ನ ನಾಡು ಕಳೆದುಕೊಂಡಿದ್ದ ಮಂಚೂರಿಯಾದ ಸೇನಾನಿ ಝಾಂಗ್ ಶುಯೆಲಿಯಾಂಗ್ 1936ರ ಡಿಸೆಂಬರಿನಲ್ಲಿ ಶಿಆನ್ ನಗರದಲ್ಲಿ ತನ್ನ ನಾಯಕ ಚಿಯಾಂಗರನ್ನೇ ಸೆರೆಹಿಡಿದು, ಮೊದಲು ಜಪಾನಿನ ವಿರುದ್ಧ ಒಂದಾಗಬೇಕೆಂದು ಒತ್ತಾಯಿಸಿದ. 1937ರ ಜುಲೈ 7ರಂದು ಜಪಾನಿನ ಪೂರ್ಣ ಯುದ್ಧ ಆರಂಭವಾಯಿತು. ಅಲ್ಲಿಯವರೆಗೆ ಬಂಡುಕೋರರಾಗಿದ್ದವರು ಈಗ ಎಂಟನೆಯ ಮಾರ್ಗ ಸೇನೆ ಎಂಬ ಹೆಸರಿನಲ್ಲಿ ದೇಶದ ಅಧಿಕೃತ ಪಡೆಯ ಭಾಗವಾದರು. ಆ ಸೇನೆಯ ದಂಡನಾಯಕ ಝು ದೆ ಅದೇ ವರ್ಷದ ಕೊನೆಯಲ್ಲಿ ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದು ವೈದ್ಯಕೀಯ ನೆರವು ಕೇಳಿದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ಹಣಕ್ಕಾಗಿ, ವೈದ್ಯರಿಗಾಗಿ ಮನವಿ ಮಾಡಿದರು. ಅದೇ ಬೋಸರು ಐದು ವರ್ಷದ ಮೇಲೆ ಜಪಾನಿನ ನೆರವು ಪಡೆದು ಆಜಾದ್ ಹಿಂದ್ ಫೌಜನ್ನು ಮುನ್ನಡೆಸಿದರು. ತರಗತಿಯಲ್ಲಿ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ, ಶಿಕ್ಷಕರು ಸಿದ್ಧರಾಗಿರುವುದು ಒಳ್ಳೆಯದು.

ಐವರು ವೈದ್ಯರ ತಂಡ ಸಿದ್ಧವಾಯಿತು. ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿ ಬಂದಿದ್ದ ಅಲಹಾಬಾದಿನ ಡಾ. ಅಟಲ್ ಮುಖ್ಯಸ್ಥರು. ನಾಗಪುರದ ಡಾ. ಚೋಳ್ಕರ್, ಕಲ್ಕತ್ತೆಯ ಡಾ. ಬಸು ಮತ್ತು ಡಾ. ಮುಖರ್ಜಿ, ಸೊಲ್ಲಾಪುರದ ಕೋಟ್ನಿಸ್ ಉಳಿದ ನಾಲ್ವರು. ಸೆಪ್ಟೆಂಬರ್ 1ರಂದು ಮುಂಬಯಿಯಿಂದ ಹಡಗು ಹೊರಟಿತು. ಅವರು ಹೋದದ್ದು ಒಂದು ಪಕ್ಷದ ನೆರವಿಗಲ್ಲ, ದಾಳಿಗೆ ಸಿಕ್ಕ ಒಂದು ದೇಶದ ನೆರವಿಗೆ. ತಿಂಗಳ ಕೊನೆಗೆ ಹ್ಯಾಂಕೌ ತಲುಪಿ ಸರ್ಕಾರದ ಕಡೆಯ ಆಸ್ಪತ್ರೆಗಳಲ್ಲಿಯೇ ಕೆಲಸ ಶುರುಮಾಡಿದರು.

ಅಲ್ಲಿ ಕಂಡದ್ದು ಸರ್ಕಾರವೊಂದು ಹಿಂದೆ ಹಿಂದೆ ಸರಿಯುವ ದೃಶ್ಯ. ಶಾಂಘೈ, ನಾನ್‌ಜಿಂಗ್ ಆಗಲೇ ಬಿದ್ದಿದ್ದವು. ಚಿಯಾಂಗರ ಅತ್ಯುತ್ತಮ ಪಡೆಗಳು ಶಾಂಘೈ ಕಾಳಗದಲ್ಲಿ ನೆಲಕಚ್ಚಿದ್ದವು. ಜಪಾನಿಯರನ್ನು ತಡೆಯಲೆಂದು ಸರ್ಕಾರವೇ 1938ರ ಜೂನ್‌ನಲ್ಲಿ ಹಳದಿ ನದಿಯ ಒಡ್ಡನ್ನು ಒಡೆಸಿತ್ತು. ಆ ನೆರೆಯಲ್ಲಿ ಮತ್ತು ಅದರ ಹಿಂದೆ ಬಂದ ಹಸಿವು, ರೋಗಗಳಲ್ಲಿ ಸತ್ತ ಸ್ವಂತ ಪ್ರಜೆಗಳು ಲಕ್ಷಗಟ್ಟಲೆ. ಕಾಲುವೆ ಒಡ್ಡು ಸ್ವಲ್ಪ ಒಡೆದರೂ ಏನಾಗುತ್ತದೆಂದು ಸಿಂಧನೂರು ಕಡೆಯ ಮಕ್ಕಳಿಗೆ ಗೊತ್ತಿದೆ, ಇದನ್ನು ಅವರಿಗೆ ವಿವರಿಸಿ ಹೇಳಬೇಕಾಗಲಿಲ್ಲ. ಅಕ್ಟೋಬರಿನಲ್ಲಿ ಹ್ಯಾಂಕೌ ಕೂಡ ಜಪಾನಿಯರ ಕೈಸೇರಿತು. ಸರ್ಕಾರ ದೂರದ ಚುಂಗ್‌ಕಿಂಗಿನ ಬೆಟ್ಟಗಳ ಹಿಂದೆ ಕುಳಿತಿತು.

ಭಾರತದ ವೈದ್ಯರು ಚುಂಗ್‌ಕಿಂಗ್ ದಾರಿಯಾಗಿ 1939ರ ಫೆಬ್ರವರಿಯಲ್ಲಿ ಕಮ್ಯುನಿಸ್ಟರ ನೆಲೆಯಾದ ಯೆನಾನ್ ಮುಟ್ಟಿದರು. ಈ ಪ್ರಯಾಣದ ನಡುವೆಯೇ ಕೋಟ್ನಿಸ್‌ಗೆ ತಂದೆ ತೀರಿಕೊಂಡ ಸುದ್ದಿ ಬಂತು. ಮನೆಯಲ್ಲಿ ಅವರ ದುಡಿಮೆಯ ಅಗತ್ಯ ಇದ್ದೇ ಇತ್ತು. ಆದರೂ ಅವರು ತಿರುಗಲಿಲ್ಲ. ಇದು ಸರಿಯೇ ಎಂದು ನಮ್ಮ ತರಗತಿಯಲ್ಲಿ ಅರ್ಧ ಗಂಟೆ ವಾದ ನಡೆಯಿತು, ನಾನು ತೀರ್ಪು ಕೊಡಲಿಲ್ಲ. ಚೋಳ್ಕರ್, ಮುಖರ್ಜಿ ಬೇಗನೆ ಊರಿಗೆ ಮರಳಿದರು, 1940ರಲ್ಲಿ ಅಟಲ್ ಕೂಡ ಹೊರಟರು. ಉಳಿದವರು ಬಸು ಮತ್ತು ಕೋಟ್ನಿಸ್.

ಯೆನಾನ್‌ನಲ್ಲಿ ಮಣ್ಣಿನ ಗುಡ್ಡ ಕೊರೆದ ಗವಿಗಳೇ ಮನೆ, ಗವಿಗಳೇ ಆಸ್ಪತ್ರೆ. ವೈದ್ಯರೆಲ್ಲರೂ ತಮ್ಮ ಹೆಸರಿಗೆ ಚೀನಾ ಎಂಬರ್ಥದ ಹುವಾ ಸೇರಿಸಿಕೊಂಡಿದ್ದರು. ಕೋಟ್ನಿಸ್ ಅಲ್ಲಿ ಕೆ ದಿಹುವಾ. 1940ರಲ್ಲಿ ಅವರು ಬಸು ಜೊತೆ ಜಪಾನಿಯರ ಸಾಲುಗಳನ್ನು ದಾಟಿ ಶಾನ್ಸಿ, ಚಾಹರ್, ಹೆಬೇ ಪ್ರಾಂತಗಳ ಗಡಿ ಕೂಡುವ ಬೆಟ್ಟನಾಡಿಗೆ ಹೋದರು. ನಕಾಶೆಯಲ್ಲಿ ಅದು ಜಪಾನ್ ಗೆದ್ದ ಪ್ರದೇಶ. ಗೆದ್ದ ಪ್ರದೇಶದೊಳಗೆ ಶತ್ರುವಿನ ಆಸ್ಪತ್ರೆ ಇರುವುದು ಹೇಗೆ?

ಇಲ್ಲಿ ನಾನು ಕಪ್ಪುಹಲಗೆಯ ಮೇಲೆ ನಮ್ಮದೇ ಹೆದ್ದಾರಿಯನ್ನು ಬರೆದೆ. ಒಂದು ಗೆರೆ, ಮೂರು ಚುಕ್ಕೆ: ಲಿಂಗಸುಗೂರು, ಮಸ್ಕಿ, ಸಿಂಧನೂರು. ಪರದೇಶದ ದಂಡೊಂದು ಬಂದು ಈ ಮೂರು ಊರು ಮತ್ತು ಈ ರಸ್ತೆಯನ್ನು ಹಿಡಿಯಿತು ಎನ್ನಿ. ಕಚೇರಿ, ಬಸ್ ನಿಲ್ದಾಣ, ದಾಸ್ತಾನು ಎಲ್ಲ ಅವರದು. ಇಲ್ಲಿದ್ದ ಅಧಿಕಾರಿಗಳು ದೂರದ ಊರಿಗೆ ಓಡಿಹೋದರು. ಹಾಗಾದರೆ ರಸ್ತೆಯಿಂದ ಹತ್ತಾರು ಕಿಲೋಮೀಟರ್ ಒಳಗಿನ ಹಳ್ಳಿಗಳಲ್ಲಿ ಯಾರ ಆಡಳಿತ? ದಂಡು ಹಗಲು ಹೋಗಿ ಸುಟ್ಟು ಬರಬಹುದು, ರಾತ್ರಿ ಅಲ್ಲಿ ಉಳಿಯಲಾರದು. ಆ ಹುಡುಗಿಯೇ ಉತ್ತರ ಹೇಳಿದಳು: ಹಳ್ಳಿಯಲ್ಲಿ ಯಾರು ಉಳಿದರೋ ಅವರದು. ಉತ್ತರ ಚೀನಾದಲ್ಲಿ ಆದದ್ದು ಇಷ್ಟೇ. ಜಪಾನಿಯರು ನಗರ ಮತ್ತು ರೈಲುಮಾರ್ಗ ಹಿಡಿದರು. ಕುವೊಮಿಂಟಾಂಗ್ ಅಧಿಕಾರಿಗಳು ಜಾಗ ಖಾಲಿಮಾಡಿದರು. ಆ ಖಾಲಿ ಜಾಗಕ್ಕೆ ಎಂಟನೆಯ ಮಾರ್ಗ ಸೇನೆ ಬಂತು, ಗೇಣಿ ಇಳಿಸಿತು, ಬಡ್ಡಿ ಇಳಿಸಿತು, ಊರ ಕಾವಲು ಪಡೆ ಕಟ್ಟಿತು, ದವಾಖಾನೆ ತೆರೆಯಿತು.

ಆ ದವಾಖಾನೆಗಳಲ್ಲಿ ಒಂದು ಕೋಟ್ನಿಸ್‌ರದು. ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್ ಅದೇ ಪ್ರದೇಶದಲ್ಲಿ ಕೆಲಸ ಮಾಡುತ್ತಾ 1939ರ ನವೆಂಬರಿನಲ್ಲಿ ತೀರಿಕೊಂಡಿದ್ದರು. ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರ ಜನವರಿಯಲ್ಲಿ ಕೋಟ್ನಿಸ್ ನಿರ್ದೇಶಕರಾದರು. ಆಸ್ಪತ್ರೆ ಎಂದರೆ ಕಟ್ಟಡವಲ್ಲ. ಗಾಯಾಳುಗಳು ರೈತರ ಮನೆಗಳಲ್ಲಿ ಮಲಗಿರುತ್ತಿದ್ದರು. ಜಪಾನಿ ಪಡೆ ಬರುವ ಸುದ್ದಿ ಸಿಕ್ಕರೆ ಊರವರೇ ಅವರನ್ನು ಹೊತ್ತು ಗುಡ್ಡ ಸೇರಿಸಬೇಕು. ಅದಕ್ಕೂ ಮೊದಲು, 1940ರ ನೂರು ರೆಜಿಮೆಂಟುಗಳ ದಾಳಿಯ ಕಾಲಕ್ಕೆ, ಹದಿಮೂರು ದಿನಗಳ ಒಂದು ಕಾಳಗದಲ್ಲಿ ಅವರ ತಂಡ ಸುಮಾರು 800 ಗಾಯಾಳುಗಳನ್ನು ನೋಡಿಕೊಂಡಿತೆಂದೂ ಮೂರು ದಿನ ಅವರು ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿದರೆಂದೂ ಅವರ ಜೀವನಚರಿತ್ರೆಗಳು ಹೇಳುತ್ತವೆ.

ನಮ್ಮ ವೃತ್ತಿಯವರಿಗೆ ಇನ್ನೊಂದು ಸಂಗತಿ ಮುಖ್ಯ. ಕೋಟ್ನಿಸ್ ಅಲ್ಲಿ ವೈದ್ಯರಷ್ಟೇ ಅಲ್ಲ, ಬೆಥೂನ್ ಹೆಸರಿನ ವೈದ್ಯಕೀಯ ಶಾಲೆಯ ಅಧ್ಯಾಪಕರೂ ಹೌದು. ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಬಾರದು. ಆದ್ದರಿಂದ ಅವರು ತಾವೇ ಚೀನೀ ಕಲಿತು ಚೀನೀಯಲ್ಲೇ ಪಾಠ ಹೇಳಿದರು, ಶಸ್ತ್ರಚಿಕಿತ್ಸೆಯ ಪಠ್ಯವನ್ನು ಆ ಭಾಷೆಯಲ್ಲೇ ಬರೆಯತೊಡಗಿದರು. ಮಕ್ಕಳ ಭಾಷೆಗೆ ಇಳಿಯಬೇಕೆಂದು ನಮಗೆ ವರ್ಷವಿಡೀ ಹೇಳುತ್ತಾರೆ. ನಾವು ಮಸ್ಕಿಯ ಮಗುವಿನ ಕನ್ನಡಕ್ಕೆ ಇಳಿಯಲೂ ತಿಣುಕುತ್ತೇವೆ.

1941ರ ಕೊನೆಯಲ್ಲಿ ಅವರು ಅದೇ ಶಾಲೆಯಲ್ಲಿ ದಾದಿಯರಿಗೆ ಕಲಿಸುತ್ತಿದ್ದ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರ ಆಗಸ್ಟಿನಲ್ಲಿ ಗಂಡುಮಗು ಹುಟ್ಟಿತು. ಸೇನಾಪತಿ ನಿಯೆ ರಾಂಗ್‌ಝೆನ್ ಸೂಚಿಸಿದಂತೆ ಯಿನ್‌ಹುವಾ ಎಂದು ಹೆಸರಿಟ್ಟರು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಅದೇ ವರ್ಷ ಜುಲೈನಲ್ಲಿ ಕೋಟ್ನಿಸ್ ಕಮ್ಯುನಿಸ್ಟ್ ಪಕ್ಷ ಸೇರಿದ್ದರು. ದೇಶವೊಂದರ ನೆರವಿಗೆ ಹೋದವರು ಪಕ್ಷವೊಂದರ ಸದಸ್ಯರಾದದ್ದನ್ನು ಮುಚ್ಚಿಡಬೇಕಾಗಿಲ್ಲ, ಹೊಗಳಲೂಬೇಕಾಗಿಲ್ಲ. ನನಗೆ ಕಾಣುವುದು ಇಷ್ಟು: ಅವರು ನಡೆದ ದಾರಿಯಲ್ಲಿಯೇ ಆ ಕಾಲದ ಲಕ್ಷಾಂತರ ಚೀನೀ ರೈತರೂ ನಡೆದರು. ಮೊದಲು ಜಪಾನಿನ ವಿರೋಧ, ಆಮೇಲೆ ಜೊತೆಗಿದ್ದು ಹೋರಾಡಿದವರ ಪಕ್ಷ. 1937ರಲ್ಲಿ ಸುಮಾರು 40,000 ಸದಸ್ಯರಿದ್ದ ಪಕ್ಷದಲ್ಲಿ 1945ರ ವೇಳೆಗೆ 12 ಲಕ್ಷ ಜನರಿದ್ದರು.

ಹಾಗೆಂದು ಜಪಾನ್ ಕಮ್ಯುನಿಸ್ಟರಿಗೆ ಗೆಲುವನ್ನು ತಟ್ಟೆಯಲ್ಲಿಟ್ಟು ಕೊಟ್ಟಿತೆಂದು ಬರೆದರೆ ಅರ್ಧ ಸುಳ್ಳು. ಕೋಟ್ನಿಸ್ ಅಲ್ಲಿದ್ದ 1941, 42 ಅವರ ಅತ್ಯಂತ ಕಷ್ಟದ ವರ್ಷಗಳು. ಸುಡು, ಕೊಲ್ಲು, ದೋಚು ಎಂಬ ನೀತಿಯಿಂದ ಜಪಾನಿ ಸೇನೆ ಈ ಹಳ್ಳಿಗಳನ್ನೇ ನಾಶಮಾಡುತ್ತಿತ್ತು. ಇನ್ನೊಂದು ಕಡೆ, ಒಂದಾಗಿ ಹೋರಾಡುತ್ತೇವೆ ಎಂದಿದ್ದ ಕುವೊಮಿಂಟಾಂಗ್ ಕಮ್ಯುನಿಸ್ಟ್ ನೆಲೆಗಳಿಗೆ ದಿಗ್ಬಂಧನ ಹಾಕಿತ್ತು. ಅಂದರೆ ಅಂತರ್ಯುದ್ಧ ನಿಂತಿರಲಿಲ್ಲ, ಒಳಗೇ ಹೊಗೆಯಾಡುತ್ತಿತ್ತು. ಔಷಧಿಗೆ ಎರಡೂ ಕಡೆಯಿಂದ ಬಾಗಿಲು ಮುಚ್ಚಿತ್ತು. ದುಡಿತ, ಅರೆಹೊಟ್ಟೆ, ಚಳಿಯಲ್ಲಿ ಕೋಟ್ನಿಸ್‌ಗೆ ಮೂರ್ಛೆರೋಗ ಹತ್ತಿಕೊಂಡಿತು. ಕೆಲಸ ಬಿಟ್ಟು ಹೋಗಿ ಚಿಕಿತ್ಸೆ ಪಡೆಯಲು ಅವರು ಒಪ್ಪಲಿಲ್ಲ. 1942ರ ಡಿಸೆಂಬರ್ 9ರಂದು ಹೆಬೇ ಪ್ರಾಂತದ ತಾಂಗ್ ತಾಲೂಕಿನ ಗೆಗಾಂಗ್ ಎಂಬ ಹಳ್ಳಿಯಲ್ಲಿ ಮೇಲಿಂದ ಮೇಲೆ ಮೂರ್ಛೆ ಬಂದು ತೀರಿಕೊಂಡರು. ವಯಸ್ಸು 32. ಮಗುವಿಗೆ ಮೂರೂವರೆ ತಿಂಗಳು.

ಅವರು ಕಾಣದ ಮುಂದಿನ ಭಾಗವನ್ನು ಬೇಗ ಹೇಳಬಹುದು. 1944ರಲ್ಲಿ ಜಪಾನ್ ಮಧ್ಯ ಮತ್ತು ದಕ್ಷಿಣ ಚೀನಾದ ಮೇಲೆ ನಡೆಸಿದ ಭಾರಿ ದಾಳಿ ಕಮ್ಯುನಿಸ್ಟರಿಗಲ್ಲ, ಚಿಯಾಂಗರ ಸೇನೆಗೇ ಬಡಿಯಿತು. ನೇರ ಕಾಳಗಗಳ ಹೆಚ್ಚಿನ ಭಾರ ಹೊತ್ತದ್ದು ಆ ಸೇನೆಯೇ ಎಂಬುದನ್ನೂ ಮಕ್ಕಳಿಗೆ ಹೇಳಬೇಕು, ನಮ್ಮ ನಾಯಕರ ಜೀವನ ಹೇಳುವ ಭರದಲ್ಲಿ ಅದು ಬಿಟ್ಟುಹೋಗುತ್ತದೆ. ತೆರಿಗೆ ಕೊಡುವ ನಗರಗಳು ಕೈತಪ್ಪಿದ್ದರಿಂದ ಸರ್ಕಾರ ನೋಟು ಮುದ್ರಿಸಿತು. ಬೆಲೆಯೇರಿಕೆಯಲ್ಲಿ ಸಂಬಳದಾರರು, ಅವರಲ್ಲಿ ಶಿಕ್ಷಕರೂ, ಬೀದಿಗೆ ಬಂದರು. 1945ರಲ್ಲಿ ಜಪಾನ್ ಶರಣಾದಾಗ ಮಂಚೂರಿಯಾಕ್ಕೆ ನುಗ್ಗಿದ್ದ ಸೋವಿಯತ್ ಸೇನೆಯ ಮೂಲಕ ಜಪಾನಿ ಆಯುಧಗಳು ಕಮ್ಯುನಿಸ್ಟರಿಗೆ ಸಿಕ್ಕವು. ಅಮೆರಿಕದ ವಿಮಾನಗಳಲ್ಲಿ ಬಂದಿಳಿದ ಚಿಯಾಂಗರ ಪಡೆಗಳು ಹಿಡಿದದ್ದು ಅವೇ ನಗರಗಳನ್ನು, ಅವೇ ರೈಲುಮಾರ್ಗಗಳನ್ನು. ಸುತ್ತಲಿನ ಹಳ್ಳಿಗಳು ಆಗಲೇ ಬೇರೆಯವರವಾಗಿದ್ದವು. 1949ರ ಅಕ್ಟೋಬರ್ 1ರಂದು ಮಾವೋ ಹೊಸ ಗಣರಾಜ್ಯ ಘೋಷಿಸಿದರು. 1964ರಲ್ಲಿ ಬಂದ ಜಪಾನಿನ ಸಮಾಜವಾದಿಗಳ ನಿಯೋಗ ದಾಳಿಗಾಗಿ ಕ್ಷಮೆ ಕೇಳಿದಾಗ, ನಿಮ್ಮ ಸೇನೆ ಬಾರದಿದ್ದರೆ ನಾವು ಅಧಿಕಾರಕ್ಕೆ ಬರುತ್ತಿರಲಿಲ್ಲ ಎಂಬರ್ಥದ ಮಾತನ್ನು ಅವರೇ ಆಡಿದರು.

ಕೋಟ್ನಿಸ್‌ರ ಕತೆಯನ್ನು ಖ್ವಾಜಾ ಅಹ್ಮದ್ ಅಬ್ಬಾಸ್ ಪುಸ್ತಕವಾಗಿ ಬರೆದರು, ವಿ. ಶಾಂತಾರಾಮ್ 1946ರಲ್ಲಿ ಹಿಂದಿ ಚಲನಚಿತ್ರ ಮಾಡಿದರು. ಶಿಜಿಯಾಜುವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿ ಬೆಥೂನರ ಹತ್ತಿರವೇ ಅವರ ಸಮಾಧಿಯಿದೆ. ಸೊಲ್ಲಾಪುರದ ಮನೆ ಈಗ ಸ್ಮಾರಕ. 1962ರ ಯುದ್ಧದ ನಂತರವೂ ಭಾರತಕ್ಕೆ ಬರುವ ಚೀನೀ ನಾಯಕರು ಅವರ ಮನೆಯವರನ್ನು ಕಂಡು ಹೋಗುವ ರೂಢಿ ಉಳಿಯಿತು. ಯಿನ್‌ಹುವಾ ತಂದೆಯಂತೆ ವೈದ್ಯಕೀಯ ಓದುತ್ತಿದ್ದಾಗಲೇ 1967ರಲ್ಲಿ ತೀರಿಕೊಂಡ. ಹಲವು ಸಲ ಭಾರತಕ್ಕೆ ಬಂದುಹೋದ ಗುವೊ ಚಿಂಗ್‌ಲಾನ್ 2012ರವರೆಗೆ ಬದುಕಿದ್ದರು.

ಮುಂದಿನ ತಂಡದವರು ಈ ಪಾಠ ತೆಗೆದುಕೊಂಡರೆ ಒಂದು ಸೂಚನೆ. ಚೀನಾದ ನಕಾಶೆಯಲ್ಲಿ ರೈಲುಮಾರ್ಗಗಳನ್ನು ಬೇರೆ ಬಣ್ಣದಲ್ಲಿ ಬರೆದು ತನ್ನಿ. ನಾನು ತಂದಿರಲಿಲ್ಲ, ಕೆಂಪು ಸೀಮೆಸುಣ್ಣಕ್ಕಾಗಿ ಪಕ್ಕದ ತರಗತಿಗೆ ಹುಡುಗನನ್ನು ಓಡಿಸಬೇಕಾಯಿತು.